ಮೂರನ್ನು ನಾಲ್ಕು ಮಾಡಿದ ಭಾನುವಾರ

ಆ ಕಟ್ಟಡದಲ್ಲಿ ಮೂರನೇ ಮಹಡಿಯ ಟಿಕೆಟ್ ಗುಮಾಸ್ತನನ್ನು ಎಲ್ಲರೂ ಕೈಪಿಡಿ ಅಂತಲೇ ಕರೆಯುತ್ತಿದ್ದರು. ಮೇಲ್ಮಹಡಿಯ ಹುಡುಗಿ ನೀರಿನ ಮೋಟಾರನ್ನು ಹೊತ್ತಿಗೆ ಸರಿಯಾಗಿ ಹಚ್ಚಿ ಆರಿಸುವ ಪ್ರೋಗ್ರಾಮೊಂದನ್ನು ಬರೆದು, ಬೇಕಾದವರು ಬಳಸಿಕೊಳ್ಳಲಿ ಅಂತ ಇಂಟರ್ನೆಟ್ಟಿಗೆ ಬಿಟ್ಟಿದ್ದಳು. ಅದನ್ನು ಬಳಸುವ ಬಗೆಯನ್ನು ತಿಳಿಸುವ ಕೈಪಿಡಿಗೆ ಅಕ್ಕಪಕ್ಕದವರು ತಮಗೆ ತಿಳಿದದ್ದು ಬರೆದರು. ಬರೆದದ್ದನ್ನು ಹೊಂದಿಸಿ ಕಾಯುವ ಕೆಲಸ ಗುಮಾಸ್ತನ ಕೊರಳಿಗೆ ಬಿತ್ತು. ಹೆಸರೂ ಜೊತೆಗೇ ಬಿತ್ತು.

ಒಂದು ಭಾನುವಾರ ಬೆಳಿಗ್ಗೆ ಎಲ್ಲೋ ದೂರದವರ ಮೇಲ್ ಬಂತು. ನಿಮ್ಮ ಕೈಪಿಡಿಯ ಒಂದೆರಡು ಪುಟ ನಮ್ಮ ಪುಸ್ತಕಕ್ಕೆ ಸೇರಿಸಿಕೊಳ್ಳುತ್ತೇವೆ, ಆದರೆ ನಮ್ಮ ಪರವಾನಗಿ ನಾಲ್ಕನೇ ಆವೃತ್ತಿ, ನಿಮ್ಮದಿನ್ನೂ ಮೂರನೆಯದು, ದಯವಿಟ್ಟು ಬದಲಾಯಿಸಿ, ಅಂತ. ಪರವಾನಗಿ ಅಂದರೆ ಗಾಬರಿಪಡುವಂಥದ್ದೇನಲ್ಲ. ಬಾವಿ ತೋಡಿಸಿದವರು 'ಯಾರು ಬೇಕಾದರೂ ಸೇದಿಕೊಳ್ಳಿ, ನಮ್ಮ ಹೆಸರು ಮಾತ್ರ ಅಳಿಸಬೇಡಿ' ಅಂತ ಕಲ್ಲಿನಲ್ಲಿ ಬರೆಸಿಡುತ್ತಾರಲ್ಲ, ಇದೂ ಅಂಥದ್ದೇ. ಕಲ್ಲು ಹಳೆಯದಾದರೆ ಹೊಸ ಕಲ್ಲು.

"ಮೂರು ಅಳಿಸಿ ನಾಲ್ಕು ಬರೆಯೋದು, ಅಷ್ಟೇ," ಅಂದ ಹೆಂಡತಿಗೆ. "ಆಮೇಲೆ ಕತ್ತಲಾಗೋವರೆಗೂ ನನ್ನನ್ನ ಯಾರೂ ಎಬ್ಬಿಸಬಾರದು."

ವಾರವಿಡೀ ಗಾಜಿನ ತೂತಿನ ಹಿಂದೆ ಕೂತು ಊರವರ ಬೈಗುಳ ತಿನ್ನುವವನಿಗೆ ಈ ಒಂದು ದಿನವೇ ಆಸ್ತಿ.

"ಹಾಗಾದ್ರೆ ಬಾಯಿ ಮುಚ್ಕೊಂಡು ಬದಲಾಯ್ಸಿ ಮಲ್ಕೊಳ್ಳಿ," ಅಂದಳು ಅವಳು.

ಅನುಭವದ ಮಾತು. ಆದರೆ ಅವನು ಇರಲಾರದೆ ಇರುವೆ ಬಿಟ್ಟುಕೊಂಡವನ ಹಾಗೆ ಕಟ್ಟಡದ ಫೋನು ಗುಂಪಿಗೆ ಒಂದು ಸಾಲು ಹಾಕಿದ: 'ಕೈಪಿಡಿಯ ಪರವಾನಗಿ ಬದಲಾಯಿಸುತ್ತಿದ್ದೇನೆ. ಯಾರಿಗೂ ಅಭ್ಯಂತರವಿಲ್ಲ ತಾನೆ?'

ಫೋನು ಕೆಳಗಿಡುವಷ್ಟರಲ್ಲಿ ಬಾಗಿಲ ಗಂಟೆ ಬಡಿದುಕೊಂಡಿತು. ಎರಡನೇ ಮಹಡಿಯ ನಿವೃತ್ತ ವಕೀಲರು.

"ಏನಯ್ಯಾ ಕೈಪಿಡಿ, ನಾಲ್ಕು ಜನ ಬರೆದದ್ದನ್ನ ಒಬ್ಬನೇ ಬದಲಾಯಿಸ್ತೀಯಾ? ಒಪ್ಪಿಗೆ ಬೇಕಪ್ಪಾ. ಹಾಡಿನ ಮೇಷ್ಟ್ರದ್ದು, ನಿನ್ನ ಮಾವಂದು, ನಂದು."

"ನೀವಂತೂ ಒಪ್ಪಿದ್ದೀರಲ್ಲ ಸಾರ್?"

"ನಾನೆಲ್ಲಿ ಒಪ್ಪಿದೆ?" ವಕೀಲರು ಒಳಗೆ ಬಂದು ಕೂತೇಬಿಟ್ಟರು. ಅವರು ಬರೆದದ್ದು ಅಂತ ಎಲ್ಲರಿಗೂ ನೆನಪಿದ್ದದ್ದು 'ಒದ್ದೆ ಕೈಯಲ್ಲಿ ಮುಟ್ಟಬೇಡಿ' ಅನ್ನುವ ಒಂದೇ ಮಾತು. "ಚದುರಂಗಕ್ಕೆ ಜೊತೆ ಇಲ್ಲ ಕಣಯ್ಯಾ. ಪ್ರತಿ ಭಾನುವಾರ ಬೆಳಿಗ್ಗೆ ಬರ್ತೀನಿ ಅನ್ನು, ಒಪ್ಪಿಗೆ ಕೊಡ್ತೀನಿ."

ಬೇಗ ಮುಗಿದರೆ ಸಾಕು ಅಂತ ಹೂಂ ಅಂದ.

ಆಮೇಲೆ ಮೊದಲನೇ ಮಹಡಿಗೆ ಇಳಿದ. ಅಲ್ಲಿನ ಹಾಡಿನ ಮೇಷ್ಟ್ರು ಬರೆದದ್ದು ಮೋಟಾರಿನ ದನಿಯ ಬಗ್ಗೆ. ಮಂದ್ರದಲ್ಲಿ ಗುಂಯ್ ಅಂದರೆ ನೀರಿದೆ, ತಾರಕ್ಕೆ ಹೋದರೆ ಓಡಿ ಆರಿಸಿ, ಅಂತ.

"ಮೂರು ನಾಲ್ಕಾದ್ರೆ ಏನಾಗುತ್ತೆ? ಒಂದು ಸ್ವರ ಏರಿದ ಹಾಗಾ?"

"ಹೂಂ ಮೇಷ್ಟ್ರೇ, ಹಾಗೇ ಅನ್ಕೊಳ್ಳಿ."

"ಅನ್ಕೊಂಡ್ರೆ ಆಗಲ್ಲ, ಕೇಳಬೇಕು," ಅಂತ ಹಾರ್ಮೋನಿಯಂ ಎಳೆದುಕೊಂಡರು. ಏರಿದ ಸ್ವರ ಇಳಿಯುವ ಲಕ್ಷಣ ಕಾಣಲಿಲ್ಲ. ಕೈಪಿಡಿ ತೂಕಡಿಸಿದ. ತಲೆ ದಪ್ಪೆಂದು ಎದೆಗೆ ಬೀಳುವುದಕ್ಕೂ ತಾಳ ಬೀಳುವುದಕ್ಕೂ ಸರಿಹೋಯಿತು. ಮೇಷ್ಟ್ರ ಕಣ್ಣಲ್ಲಿ ನೀರು.

"ಇಂಥ ಕೇಳುಗ ನಮ್ಮ ತಲೆ ಮೇಲೇ ಇದ್ರಾ! ಪ್ರತಿ ಭಾನುವಾರ ಮಧ್ಯಾಹ್ನ ಬನ್ನಿ. ನಂದು ಪೂರ್ತಿ ಒಪ್ಪಿಗೆ." ಬೆಚ್ಚಿ ಎಚ್ಚೆತ್ತ ಕೈಪಿಡಿ ಅದಕ್ಕೂ ಹೂಂ ಅಂದ.

ಉಳಿದದ್ದು ನೆಲಮಹಡಿಯ ಮಾವ. ಮೋಟಾರಿನ ಚರಿತ್ರೆ ಅಂತ ಅವರು ಹನ್ನೊಂದು ಪುಟ ಬರೆದುಕೊಟ್ಟಿದ್ದರು. ಅಳಿಯ ಅದನ್ನು ಕತ್ತರಿಸಿ 'ಈ ಮೋಟಾರು ಹಳೆಯದು' ಅಂತ ಮಾಡಿದ್ದ. ಅಂದಿನಿಂದ ಮಾತಿಲ್ಲ. ಏನಿದ್ದರೂ ಗೋಡೆಯ ಮೂಲಕ.

"ಗೋಡೆಯೇ, ಬಂದವರು ಯಾಕೆ ಬಂದರಂತೆ?"

"ಮಾವ, ಒಂದು ಒಪ್ಪಿಗೆ ಬೇಕಿತ್ತು."

"ಗೋಡೆಯೇ, ಕತ್ತರಿ ಹಾಕುವಾಗ ಒಪ್ಪಿಗೆ ಬೇಕಿರಲಿಲ್ಲವಂತಾ?"

"ತಪ್ಪಾಯ್ತು ಮಾವ. ನೀವು ಹೇಳಿ, ಎಲ್ಲಾ ಬರ್ಕೋತೀನಿ."

ಮಾವ ಮೆಲ್ಲಗೆ ಗೋಡೆಯಿಂದ ಮುಖ ತಿರುಗಿಸಿದರು. "ಎಲ್ಲಾ ಅಂದ್ರೆ ಒಂದು ದಿನಕ್ಕೆ ಮುಗಿಯೋದಲ್ಲ. ಈಚೆಗೆ ಇನ್ನೂ ಬಹಳ ನೆನಪಾಗಿದೆ. ಪ್ರತಿ ಭಾನುವಾರ ಸಂಜೆ ಬಾ." ಅಷ್ಟು ಹೇಳಿ ತಮ್ಮ ಮೆತ್ತೆಯನ್ನೇ ಎತ್ತಿ ಅಳಿಯನ ಕುರ್ಚಿಗೆ ಹಾಕಿದರು. ಅಳಿಯ ಹೂಂ ಅಂದು ಪೆನ್ನು ತೆಗೆದ.

ಮೊದಲ ಅಧ್ಯಾಯ ಬರೆದುಕೊಂಡು ಸೊಂಟ ಹಿಡಿದು ಮೆಟ್ಟಿಲೇರುವಾಗ ಬೆಳಕು ಇಳಿಯುತ್ತಿತ್ತು. ಮೇಲ್ಮಹಡಿಯ ಹುಡುಗಿ ಆಕಳಿಸುತ್ತಾ ಎದುರಾದಳು. ಫೋನು ಆರಿಸಿ ದಿನವಿಡೀ ಮಲಗಿದ್ದ ಪುಣ್ಯವಂತೆ. ವಿಷಯ ಕೇಳಿ ಅವನ ಫೋನಿನಲ್ಲಿ ಕೈಪಿಡಿಯ ಕೊನೆಯ ಪುಟ ತೆಗೆದಳು. ಔಷಧಿ ಸೀಸೆಯ ಹಿಂದಿನ ಬರಹದಷ್ಟು ಸಣ್ಣ ಅಕ್ಷರ.

"ನೋಡಿ ಅಂಕಲ್. 'ಮೂರನೇ ಆವೃತ್ತಿ, ಅಥವಾ ಮುಂದೆ ಬರುವ ಯಾವುದೇ ಆವೃತ್ತಿ.' ಬರೆದವರೆಲ್ಲ ಆಗಲೇ ಇದಕ್ಕೆ ಒಪ್ಪಿಯೇ ಬರೆದಿರೋದು. ಮತ್ತೆ ಕೇಳೋದೇ ಬೇಡ. ನಾಲ್ಕು ಅಂತ ಹಾಕಿ ಮಲ್ಕೊಳ್ಳೋದು."

ಕೈಪಿಡಿಗೆ ರೆಕ್ಕೆ ಬಂತು. ಒಪ್ಪಿಗೆಯೇ ಬೇಡವಾದರೆ ಅದಕ್ಕೆ ತೆತ್ತ ಭಾನುವಾರಗಳೂ ವಾಪಸ್! ನಿಂತಲ್ಲೇ ನಾಲ್ಕು ಅಂತ ಹಾಕಿ, ಒಂದೇ ಉಸಿರಿಗೆ ಇಳಿದು ವಕೀಲರ ಬಾಗಿಲು ಬಡಿದ.

"ಸಾರ್! ಒಪ್ಪಿಗೆ ಬೇಕಾಗೇ ಇರ್ಲಿಲ್ಲ! ಈ ಸಾಲು ನೋಡಿ!"

ವಕೀಲರು ಕನ್ನಡಕವನ್ನೂ ಹುಡುಕಲಿಲ್ಲ. "'ಅಥವಾ ಮುಂದೆ ಬರುವ ಯಾವುದೇ ಆವೃತ್ತಿ.' ನೋಡೋದೇನು ಬಂತು? ಮೊದಲೇ ಆ ಹುಡುಗಿಗೆ ಹೇಳಿ ಹಾಕಿಸಿದ್ದೇ ನಾನು."

"ಮತ್ತೆ ಬೆಳಿಗ್ಗೆ ಬೇಕು ಅಂದ್ರಲ್ಲ!"

"ಬೇಕು ಅಂದೆ. ಕಾನೂನಿಗೆ ಬೇಕು ಅಂದ್ನಾ? ಕೇಳಿದವನು ನೀನು. ಕೇಳೋಕೆ ಬಂದವನನ್ನ ಬರಿಗೈಲಿ ಕಳಿಸೋದುಂಟಾ?"

"ಹಾಗಾದ್ರೆ ನಾನು ಕೊಟ್ಟ ಮಾತೆಲ್ಲಾ ವಾಪಸ್!"

"ಧಾರಾಳವಾಗಿ ತಗೋ," ಅಂದರು ವಕೀಲರು, ಚದುರಂಗದ ಮಣೆಯ ಮೇಲೆ ಕಾಯಿ ಜೋಡಿಸುತ್ತಾ. "ಆದ್ರೆ ಪರವಾನಗಿಗಿದ್ದ ಹಾಗೆ ನಿನ್ನ ಮಾತಿಗೆ ಆ ಸಾಲು ಇಲ್ಲವಲ್ಲ. ಮಾತು ಬದಲಾಯಿಸೋಕೆ ತಗೊಂಡವರ ಒಪ್ಪಿಗೆ ಬೇಕೇ ಬೇಕು. ಒಂದೊಂದೇ ಮನೆಗೆ ಹೋಗಿ ಕೇಳ್ಕೊಂಡು ಬಾ."

ಕೆಳಗಿನಿಂದ ಹಾರ್ಮೋನಿಯಂ ಕೇಳಿಸುತ್ತಿತ್ತು. ಅದರ ಕೆಳಗೆ ಮಾವ ಎರಡನೇ ಅಧ್ಯಾಯ ನೆನಪಿಸಿಕೊಳ್ಳುತ್ತಾ ಕೂತಿರಬೇಕು. ಕೈಪಿಡಿ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ.

"ಬಿಳಿ ಯಾರಿಗೆ ಸಾರ್?" ಅಂದ.