ನಮ್ಮ ರೊಟ್ಟಿ ಗಂಟು ಒಯ್ದ ದ್ವೀಪದ ಜಿಂಕೆಯವರಿಗೆ

ಮಾನ್ಯ ಜಿಂಕೆರಾಯರೇ,

ಇಂಡಿಯಿಂದ ಕೌಸರ ಮಾಡುವ ಸಲಾಮುಗಳು. ಅಂಡಮಾನಿನ ತಮ್ಮ ಪುಟ್ಟ ದ್ವೀಪದಲ್ಲಿ ಹುಲ್ಲು, ನೆರಳು ಮತ್ತು ಪ್ರವಾಸಿಗರ ಚೀಲಗಳು ಎಂದಿನಂತೆ ಸಮೃದ್ಧವಾಗಿವೆ ಎಂದು ನಂಬಿ, ಕಳೆದ ತಿಂಗಳು ತಾವು ನಮ್ಮ ಕುಟುಂಬಕ್ಕೆ ಮಾಡಿದ ಅನ್ಯಾಯವನ್ನು ವಿನಯದಿಂದ ನಿವೇದಿಸುತ್ತಿದ್ದೇನೆ.

ನನ್ನ ಗಂಡ ಯುನೂಸ ಮತ್ತು ಮೈದುನ ಮೈಬೂಬ ಒಂದೇ ಲಿಂಬೆ ತೋಟದ ಒಡೆಯರು. ಎರಡು ವರ್ಷದ ಹಿಂದೆ ಅಣ್ಣ ತೋರಿಸಿದ ಜಾಗದಲ್ಲಿ ಬೋರ್ ಕೊರೆಸಿದಾಗ ಬರೀ ಧೂಳು ಎದ್ದಿತು. ಮೈಬೂಬ ನಾಲ್ಕು ಜನರ ಮುಂದೆ ನಕ್ಕುಬಿಟ್ಟ. ಅಂದಿನಿಂದ ಮಾತು ಬಂದ್. ಲಿಂಬೆಯ ದರವನ್ನೂ ತಾಯಿಯ ಮೂಲಕವೇ ಹೇಳಿ ಕಳಿಸುವರು. ತಮ್ಮ ದ್ವೀಪಕ್ಕೆ ಬರುವ ದೋಣಿಯಲ್ಲೂ ನಮ್ಮ ಅತ್ತೆ ಅಖ್ತರಬೇಗಂ ಅವರಿಬ್ಬರ ನಡುವೆ ಗೋಡೆಯಂತೆ ಕೂತಿದ್ದರು.

ದ್ವೀಪದಲ್ಲಿ ಮಳೆ ಹಿಡಿಯಿತು. ಯುದ್ಧಕಾಲದಲ್ಲಿ ಜಪಾನಿನ ಸೈನಿಕರು ಕಟ್ಟಿದ ಬಂಕರಿನೊಳಗೆ ನುಗ್ಗಿದೆವು. ತೋಪು ಹೂಡುವ ಕಿಂಡಿಯ ಆಚೆ ಒಬ್ಬ, ಈಚೆ ಒಬ್ಬ ಮುಖ ತಿರುಗಿಸಿ ಕೂತರು. ಮಹಾಯುದ್ಧ ಮುಗಿದು ಎಂಟು ದಶಕಗಳಾದರೂ ನಮ್ಮ ಮನೆಯ ಇಬ್ಬರು ಸಿಪಾಯಿಗಳು ಇನ್ನೂ ಶರಣಾಗಿರಲಿಲ್ಲ.

ಮೀನಿನ ವಾಸನೆಗೆ ಹೋಟೆಲ್ ಊಟ ಮುಟ್ಟದ ಅತ್ತೆ, ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ, ಊರಿಂದ ತಂದ ಖಡಕ್ ರೊಟ್ಟಿಯ ಗಂಟನ್ನು ಪಕ್ಕದಲ್ಲಿಟ್ಟರು. ಆಗಲೇ ತಾವು ಒಳಗೆ ಕತ್ತು ಚಾಚಿ, ಯಾರ ಅಪ್ಪಣೆಯನ್ನೂ ಕೇಳದೆ ಗಂಟು ಕಚ್ಚಿಕೊಂಡು ನಡೆದಿರಿ.

ಗುಳಿಗೆ ನುಂಗಿ ಉಪವಾಸವಿದ್ದರೆ ಅತ್ತೆಗೆ ಕಣ್ಣು ಕತ್ತಲೆ ಬರುತ್ತದೆಂದು ಮಕ್ಕಳಿಬ್ಬರಿಗೂ ಗೊತ್ತು. ಇಬ್ಬರೂ ಮಳೆಗೆ ಹಾರಿದರು.

“ಅಣ್ಣಾ, ನೀ ಆ ಕಡಿಂದ ಬಾ! ನಾ ಇಲ್ಲೆ ಅಡ್ಡ ನಿಂದರ್ತೇನಿ!” ಎಂದು ಮೈಬೂಬ ಕೂಗಿದ.

“ಕೋಡ್ ನೋಡ್ಕೊಳ್ಳೋ, ಹಾಯ್ದೀತು!” ಎಂದು ನನ್ನ ಗಂಡ ಚೀರಿದರು.

ಪಾಚಿಯ ಮೇಲೆ ಜಾರಿ ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದರು. ತಾವು ಮಾತ್ರ ದಿಬ್ಬದ ಮೇಲೆ ನಿಂತು, ಸದ್ದು ಮಾಡಿ ರೊಟ್ಟಿ ಕಡಿಯುತ್ತ ನೋಡುತ್ತಿದ್ದಿರಿ. ಕೆಸರಿನಲ್ಲಿ ಮೊದಲು ನಕ್ಕವರು ನನ್ನ ಗಂಡ.

ಅಷ್ಟರಲ್ಲಿ ಅತ್ತೆಯ ಕೈ ನಡುಗತೊಡಗಿತ್ತು. ಮೈಬೂಬ ಓಡಿ ಎಳನೀರು ತಂದ, ಅಣ್ಣ ತಲೆ ಹಿಡಿದು ಕುಡಿಸಿದರು. ನಡುಕ ನಿಂತ ಮೇಲೆ ಅತ್ತೆ ಇಬ್ಬರ ಕೈಯನ್ನೂ ಬಿಡದೆ, “ರೊಟ್ಟಿ ಹೋದ್ರ ಹೋಗ್ಲಿ ಬಿಡ್ರಿ, ಮಾತು ಬಂತಲ್ಲ,” ಎಂದು ಅತ್ತುಬಿಟ್ಟರು.

ಮಾನ್ಯರೇ, ಈಗ ನಮ್ಮ ಸಂಕಟ ಕೇಳಿ. ಅಣ್ಣತಮ್ಮಂದಿರು ಬೆಳಗಿನ ಚಹಾಕ್ಕೆ ಕೂತರೆ ಮಧ್ಯಾಹ್ನದವರೆಗೆ ಏಳುವುದಿಲ್ಲ. ಮನೆಯಲ್ಲಿ ನನಗೆ ಮಾತಾಡಲು ಸಂದು ಸಿಗುತ್ತಿಲ್ಲ. ಆದ್ದರಿಂದ ತಾವು ಆ ಮೌನದಲ್ಲಿ ಅರ್ಧವನ್ನಾದರೂ ತಿರುಗಿ ಕೊಡಬೇಕು. ಅದು ಸಾಧ್ಯವಿಲ್ಲದಿದ್ದರೆ ಹಡಗು ಹತ್ತಿ ನಮ್ಮ ಸೀಮೆಗೆ ದಯಮಾಡಿಸಬೇಕು. ಹೂವಿನ ಹಿಪ್ಪರಗಿಯಿಂದ ಮಸೂತಿ ಊರಿನವರೆಗೆ ಮಾತು ಬಿಟ್ಟ ಅಣ್ಣತಮ್ಮಂದಿರಿಗೆ ಬರವಿಲ್ಲ. ಹಿರಿಯರು ಪಂಚಾಯ್ತಿ ಮಾಡಿ ಸೋತಿದ್ದಾರೆ. ಇಂಡಿ ಸ್ಟ್ಯಾಂಡಿನಲ್ಲಿ ಇಳಿದರೆ ಟೆಂಪೊ ಸಿಗುತ್ತದೆ. ಕೋಡಿಗೆ ಬೇರೆ ಚಾರ್ಜ್ ಕೇಳಿದರೆ ನನ್ನ ಹೆಸರು ಹೇಳಿ.

ಹಸಿದು ಬಂದರೂ ಕೋಪವಿಲ್ಲದ ತಮ್ಮ ವಿಶ್ವಾಸಿ,
ಕೌಸರ

ಮರೆತ ಮಾತು: ಅತ್ತೆ ಬಂದ ಬೀಗರಿಗೆಲ್ಲ ತಮ್ಮ ಫೋಟೊ ತೋರಿಸಿ, “ನಮ್ಮನಿ ಕೂಡಿಸಿದ್ದು ಇದಾ ನೋಡ್ರಿ,” ಎನ್ನುತ್ತಾರೆ. ಎರಡು ವರ್ಷ ಇಬ್ಬರ ಕಾಲಿಗೂ ಬಿದ್ದು, ಹಟ ಹಿಡಿದು ಈ ಪ್ರವಾಸಕ್ಕೆ ಎಲ್ಲರನ್ನೂ ಹೊರಡಿಸಿದವಳು ಯಾರೆಂದು ಯಾರಾದರೂ ತಮ್ಮನ್ನು ಕೇಳಿದರೆ, ಬಾಯಲ್ಲಿ ರೊಟ್ಟಿ ಇಲ್ಲದ ಹೊತ್ತಿನಲ್ಲಿ, ಸೊಸೆ ಎಂದು ಒಂದು ಮಾತು ಹೇಳಿ.