ಕಾಕಾನ ಎರಡನೇ ಗೇರು

ನಮ್ಮ ಕಾಕಾಗೆ ಆಗಾಗ ಹಲ್ಲುನೋವು ಬರುತ್ತದೆ, ಅದೂ ಬೇರೆಯವರ ಗೇರ್‌ಬಾಕ್ಸಿನಿಂದ. ಯಾರಾದರೂ ಕ್ಲಚ್ಚು ಪೂರ್ತಿ ಒತ್ತದೆ ಗೇರು ಹಾಕಿ ಕರ್ರೆನ್ನಿಸಿದರೆ ಸಾಕು, ದವಡೆ ಹಿಡಿದುಕೊಂಡು ಕಣ್ಣು ಮುಚ್ಚುತ್ತಾರೆ. ಒಮ್ಮೆ ಬೆಳಗಾವಿಯ ಸಿಟಿ ಬಸ್ಸಿನಲ್ಲಿ ನನ್ನೊಡನೆ ಬರುತ್ತಿದ್ದವರು ಅರ್ಧ ದಾರಿಯಲ್ಲೇ ಇಳಿದುಬಿಟ್ಟರು. "ಅಂವ ಗೇರ್ ಹಾಕಾಕತ್ತಿಲ್ಲೋ, ಕಬ್ಬು ಮುರಿಯಾಕತ್ತಾನ," ಎಂದರು. ಹಲ್ಲುನೋವು ಅವರಿಗೆ, ನಡಿಗೆ ಮಾತ್ರ ಇಬ್ಬರಿಗೂ!

ಕಾಕಾ ಖಾನಾಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಊರವರ ಗೇರುಗಳ ಬಗ್ಗೆ ಇಷ್ಟು ಮರುಗುವ ಈ ಮನುಷ್ಯನ ಸ್ವಂತ ವ್ಯಾನೇ ಹೋದ ವರ್ಷ ಜರ್ಕು ಹೊಡೆಯತೊಡಗಿತು. ಒಂದರಿಂದ ಎರಡನೇ ಗೇರಿಗೆ ಹೋಗುವಾಗ ಒಳಗಿದ್ದವರೆಲ್ಲ ರಸ್ತೆಗೆ ನಮಸ್ಕಾರ ಮಾಡುತ್ತಿದ್ದರು. ಅದೇ ಹೊತ್ತಿಗೆ ಅವರ ಹೆಂಡತಿಗೆ, ಅಂದರೆ ನಮ್ಮ ಕಾಕುವಿಗೆ, ಬೆಳಗಾವಿಯ ಆಸ್ಪತ್ರೆಯಲ್ಲಿ ಬೆನ್ನಿನ ಆಪರೇಷನ್ ಮಾಡಬೇಕೆಂದಾಯಿತು. ಆಮೇಲೆ ಮನೆಗೆ ಕರೆದೊಯ್ಯುವಾಗ ಕುಲುಕಾಡಬಾರದು ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಆಂಬುಲೆನ್ಸ್ ಮಾಡೋಣ ಎಂದೆ.

"ಅದರಾಗ ಗೇರ್ ಹಾಕಾಂವ ಯಾರೋ, ಹೆಂಗ ಹಾಕ್ತಾನೋ," ಎಂದು ಕಾಕಾ ತಳ್ಳಿಹಾಕಿದರು.

ಮರುದಿನ ನಾನು ಹೋಗಿ ನೋಡಿದರೆ, ನೆರೆಮನೆಯವರ ಸಹಾಯದಿಂದ ಗೇರ್‌ಬಾಕ್ಸು ವ್ಯಾನಿನಿಂದ ಇಳಿದು ಪಡಸಾಲೆಗೆ ಬಂದಿತ್ತು. ಕಾಕು ಜತನದಿಂದ ಮಡಚಿಟ್ಟಿದ್ದ ಸೋಲಾಪುರ ಚಾದರದ ಮೇಲೆ ಅದರ ಕರುಳೆಲ್ಲ ಹರಡಿಕೊಂಡಿತ್ತು. ಒಳಗಿನ ಕೋಣೆಯಲ್ಲಿ ಏಳಲಾರದೆ ಮಲಗಿದ್ದ ಕಾಕು ಸದ್ದು ಕೇಳಿಯೇ ಎಲ್ಲವನ್ನೂ ತಿಳಿದುಕೊಂಡಿದ್ದರು.

"ನನ್ನ ಬೆನ್ನು ಬಿಚ್ಚಾಕ ಡಾಕ್ಟರ್ ಅದಾರ. ಅದನ್ನ ಬಿಚ್ಚಾಕ ನೀವ್ಯಾರ್ರೀ?"

"ನೀ ಸುಮ್ನ ಮಲಗು. ಒಳಗೇನೈತಿ ಅಂತ ನೋಡಾಕತ್ತೇನಿ, ಅಷ್ಟ."

ನೋಡಿ, ಒರೆಸಿ, ಮತ್ತೆ ಜೋಡಿಸಿದರು. ಚಾದರದ ಮೇಲೆ ಬಳೆಯಂಥ ಒಂದು ರಿಂಗು ಉಳಿಯಿತು. ಇದೆಲ್ಲಿಯದು ಎಂದು ಕೇಳಿದೆ. ಕಾಕಾ ಅದನ್ನು ತಿರುಗಿಸಿ ನೋಡಿ, "ಭಾಗಾಕಾರ ಅಂದ ಮ್ಯಾಲ ಶೇಷ ಉಳೀತೈತಿ," ಎಂದು ಅಂಗಿಯ ಕಿಸೆಗೆ ಹಾಕಿಕೊಂಡರು.

ಗೇರ್‌ಬಾಕ್ಸನ್ನು ಮತ್ತೆ ವ್ಯಾನಿಗೇರಿಸಿದ್ದಾಯಿತು. ವ್ಯಾನು ಚಾಲೂ ಆಯಿತು, ಎರಡನೇ ಗೇರಿಗೂ ಬಿತ್ತು, ಆದರೆ ಅಲ್ಲಿಂದ ಹೊರಬರಲೊಪ್ಪಲಿಲ್ಲ. ಎಳೆದರೂ ಇಲ್ಲ, ಗುದ್ದಿದರೂ ಇಲ್ಲ. ಎರಡನೇ ಗೇರಿನಲ್ಲೇ ಬಸ್ ಸ್ಟ್ಯಾಂಡಿನ ಹತ್ತಿರದ ಗ್ಯಾರೇಜಿಗೆ ಹೊರಟೆವು. ವ್ಯಾನು ಮದುವೆ ಮೆರವಣಿಗೆಯ ಗತ್ತಿನಲ್ಲಿ ಸಾಗುತ್ತಿತ್ತು. ಕಾಯಿಪಲ್ಲೆ ಬುಟ್ಟಿ ಕಟ್ಟಿಕೊಂಡಿದ್ದ ಸೈಕಲ್ಲಿನವನೊಬ್ಬ ನಮ್ಮನ್ನು ದಾಟಿ, ಹಿಂತಿರುಗಿ ನೋಡಿ, ಕನಿಕರದಿಂದ ಬೆಲ್ಲು ಬಾರಿಸಿ ಹೋದ.

ಗ್ಯಾರೇಜಿನ ಮೌಲಾಸಾಬರು ಎಲ್ಲ ಬಿಚ್ಚಿ ನೋಡಿದರು. "ಇದಕ್ಕ ಯಾರು ಕೈ ಹಾಕ್ಯಾರ್ರೀ ಸರ್?"

"ಯಾವನೋ ಒಬ್ಬ ಹುಚ್ಚ," ಎಂದರು ಕಾಕಾ.

ಮೌಲಾಸಾಬರು ಕಾಕಾನ ಕರಿ ಉಗುರುಗಳ ಕಡೆ ನೋಡಿದರು. "ಭಾಳ ಶ್ಯಾಣ್ಯಾ ಹುಚ್ಚ ಅದಾನ್ರೀ. ಎಲ್ಲಾ ಬರೋಬ್ಬರಿ ಕುಂದರಿಸ್ಯಾನ. ಒಂದ ರಿಂಗ್ ಕಾಣವಲ್ದು."

ಕಾಕಾ ಕಿಸೆಯಿಂದ ಶೇಷ ತೆಗೆದು ಕೊಟ್ಟರು. ಮೌಲಾಸಾಬರು ಅದನ್ನು ಕೂಡಿಸಿ, ಹೊಸ ಗೇರ್ ಆಯಿಲ್ ತುಂಬಿದರು. ಆಮೇಲೆ ಗೊತ್ತಾದದ್ದು, ಜರ್ಕಿಗೆ ಕಾರಣ ಗೇರ್‌ಬಾಕ್ಸೇ ಅಲ್ಲ, ಸವೆದ ಕ್ಲಚ್ ಪ್ಲೇಟು! ಅದನ್ನೂ ಬದಲಿಸಿದರು. ಇಬ್ಬರೂ ಕೂಡಿ ಚಹಾ ಕುಡಿದು ನಕ್ಕರು.

ಕಾಕುವಿನ ಆಪರೇಷನ್ ಚೆನ್ನಾಗಿ ಆಯಿತು. ಅವರ ಮಗಳು ಆಸ್ಪತ್ರೆಯಲ್ಲಿ ಜೊತೆಗಿದ್ದಳು. ಇತ್ತ ಖಾನಾಪುರದಲ್ಲಿ ಕಾಕಾ ನನ್ನನ್ನು ರೋಗಿ ಮಾಡಿದರು. ನಡುವಿನ ಸೀಟಿನಲ್ಲಿ ಚಾದರ ಹೊದ್ದು, ಕಣ್ಣು ಮುಚ್ಚಿ ಮಲಗಬೇಕು. ಅವರು ಗೇರು ಬದಲಿಸಿದ್ದು ತಿಳಿದರೆ ಹೇಳಬೇಕು.

"ಈಗ ಮೂರು, ಕಾಕಾ."

"ಗೊತ್ತಾತೇನು? ಹಂಗಾರ ಮತ್ತೊಮ್ಮೆ."

ಹೀಗೆ ಪೇಟೆಯಲ್ಲೆಲ್ಲ ಸುತ್ತಿದೆವು. ಚಾದರ ಹೊದ್ದು ಮಲಗಿದವನನ್ನು ಊರೇ ಇಣುಕಿ ನೋಡಿತು. ಸಂಜೆಯ ಹೊತ್ತಿಗೆ ನನ್ನ ಹೆಂಡತಿಯ ತವರಿನವರು ಎಳನೀರು ಹಿಡಿದು ಬಾಗಿಲಲ್ಲಿ ನಿಂತಿದ್ದರು. ನಾನು ಗಟ್ಟಿಮುಟ್ಟಾಗಿ ಎದುರಿಗೆ ಬಂದದ್ದು ಅವರಿಗೆ ಸ್ವಲ್ಪ ನಿರಾಸೆಯನ್ನೇ ಉಂಟುಮಾಡಿದಂತಿತ್ತು.

ಕಾಕುವನ್ನು ಕರೆತರುವ ದಿನ ನಾನು ಮುಂದೆ ಕೂತಿದ್ದೆ, ಮಗಳು ಹಿಂದೆ. ನಡುವಿನ ಸೀಟಿನಲ್ಲಿ ದಿಂಬುಗಳ ನಡುವೆ ಕಾಕು. ಬೆಳಗಾವಿ ದಾಟುವವರೆಗೆ ಅವರು ಅಂಜಿ ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದರು. ಹಿಂದಿನ ಲಾರಿಗಳು ಎಷ್ಟೇ ಹಾರ್ನ್ ಹೊಡೆದು, ಕರ್ರೆಂದು ಗೇರು ಹಾಕಿದರೂ ಕಾಕಾಗೆ ಹಲ್ಲುನೋವು ಬರಲಿಲ್ಲ. ಗೇರು ಯಾವಾಗ ಬದಲಾಯಿತೆಂದು ಪಕ್ಕದಲ್ಲಿದ್ದ ನನಗೇ ತಿಳಿಯುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಕಾಕುವಿನ ಕೈ ಸಡಿಲವಾಯಿತು. ನೋವಿನಿಂದ ಎಷ್ಟೋ ದಿನ ನಿದ್ದೆ ಕಾಣದ ಜೀವ ಹಾಗೇ ನಿದ್ದೆ ಹೋಯಿತು.

ಮನೆ ಮುಂದೆ ವ್ಯಾನು ನಿಂತಿತು. ನಾನು ಬಾಗಿಲು ತೆಗೆಯಲು ಹೋದಾಗ ಕಾಕಾ ನನ್ನ ಮೊಣಕೈ ಹಿಡಿದರು. ಎಂಜಿನ್ ಮೆಲ್ಲಗೆ ಓಡುತ್ತಲೇ ಇತ್ತು.

ಹಿಂದಿನಿಂದ ಕಾಕು ಕಣ್ಣು ತೆರೆಯದೆಯೇ ಕೇಳಿದರು: "ಮನಿ ಬಂತೇನ್ರೀ?"

ಕಾಕಾ ಎದುರಿಗಿದ್ದ ತಮ್ಮ ಮನೆಯ ಬಾಗಿಲನ್ನೇ ನೋಡುತ್ತ, "ಇಲ್ಲ, ಇನ್ನೂ ಭಾಳ ದೂರ ಐತಿ. ನೀ ಮಲಗು," ಎಂದರು.