ಸಂಘದ ಪಿಸ್ತೂಲು ಮತ್ತು ತಾಂಬೂಲದ ಚೀಲ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದನ್ನು ನಾವೆಲ್ಲ ಬಾಲ್ಯದಲ್ಲೇ ಬಾಯಿಪಾಠ ಮಾಡಿದ್ದೇವೆ. ಆದರೆ ದಿಂಬಿನ ಕೆಳಗೆ ಏನಿರಬೇಕು, ಅದರ ಬೆಲೆ ಎಷ್ಟನ್ನು ಮೀರಬಾರದು ಎಂಬ ವಿಷಯದಲ್ಲಿ ಗಾದೆ ಮೌನವಾಗಿದೆ. ಈ ಕೊರತೆಯನ್ನು ತುಂಬುವ ಹೊಣೆಯನ್ನು ಅಮೆರಿಕದ ವರ್ಜೀನಿಯಾ ರಾಜ್ಯದ ಸೆಂಟರ್‌ವಿಲ್‌ನ ನಮ್ಮ ಕನ್ನಡ ಸಂಘವು ೨೦೨೩ರ ಡಿಸೆಂಬರಿನಲ್ಲಿ ಹೊತ್ತುಕೊಂಡಿತು.

ಪ್ರಕರಣದ ಮೂಲ ಒಂದು ಬಲ್ಬು. ಸಭಾಭವನದ ಹಿಂದಿನ ಪಾರ್ಕಿಂಗ್ ಲಾಟ್‌ನ ದೀಪ ಕೆಟ್ಟಿತ್ತು. ಪ್ರತಿ ಶುಕ್ರವಾರ ಸಂಜೆ ಅಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ನಿವೃತ್ತ ವೈದ್ಯೆ ಅನಸೂಯ ಅವರು, ಐದು ಗಂಟೆಗೇ ಕತ್ತಲಾಗುವ ಆ ತಿಂಗಳಲ್ಲಿ, ಕಾರಿನವರೆಗೆ ಗೋಡೆ ಹಿಡಿದು ನಡೆಯಬೇಕಾಯಿತು. ಹೆದರಿದ ತಂದೆತಾಯಿಗಳು ಮಕ್ಕಳನ್ನು ಬಿಡಿಸತೊಡಗಿ, ಹತ್ತೊಂಬತ್ತಿದ್ದ ಸಂಖ್ಯೆ ಏಳಕ್ಕಿಳಿಯಿತು. ಐದಕ್ಕಿಂತ ಕಡಿಮೆಯಾದರೆ ತರಗತಿಯನ್ನು ಮುಚ್ಚತಕ್ಕದ್ದು ಎಂಬುದು ಸಂಘದ ನಿಯಮ. ಅನಸೂಯ ಅವರು ದೀಪಕ್ಕಾಗಿ ಅರ್ಜಿ ಕೊಟ್ಟರು. ಅರ್ಜಿಯಲ್ಲಿ ‘ಭಯ’ ಎಂಬ ಪದವಿದ್ದುದರಿಂದ ಅದನ್ನು ಭದ್ರತಾ ಉಪಸಮಿತಿಗೆ ಕಳುಹಿಸಲಾಯಿತು. ಅಂಥ ಉಪಸಮಿತಿ ಇರಲಿಲ್ಲವಾದ್ದರಿಂದ ಅದನ್ನು ರಚಿಸಲಾಯಿತು.

ಕೈಗೆಟುಕುವ ಬೆಲೆಯ ಪಿಸ್ತೂಲೊಂದನ್ನು ಕೊಂಡು, ಯಾರಿಗೂ ಕಾಣದಂತೆ ಮೈಮೇಲೆ ಧರಿಸುವುದೇ ಸೂಕ್ತವೆಂದು ಉಪಸಮಿತಿ ಕಂಡುಕೊಂಡಿತು. ಹೋಲಿಕೆಯ ಪಟ್ಟಿಯನ್ನು ಸಾಫ್ಟ್‌ವೇರ್ ಎಂಜಿನಿಯರ್ ಧೀರಜ್ ಸಿದ್ಧಪಡಿಸಿದರು. ಕೆಲಸದ ವೀಸಾದಲ್ಲಿರುವ ಅವರು ಪಿಸ್ತೂಲನ್ನು ಕೊಳ್ಳುವಂತಿರಲಿಲ್ಲ. ಆದ್ದರಿಂದ ಅವರ ನಿಷ್ಪಕ್ಷಪಾತತೆ ಪ್ರಶ್ನಾತೀತವಾಗಿತ್ತು. ಪಟ್ಟಿಯಲ್ಲಿ ತೂಕ, ಉದ್ದ, ಬೆಲೆ, ಬಣ್ಣ ಮತ್ತು ರಿಯಾಯಿತಿಯ ಕಲಂಗಳಿದ್ದವು.

ಪೌರತ್ವವೂ ಪರವಾನಗಿಯೂ ಇದ್ದ ಅಧ್ಯಕ್ಷ ಹರಿಪ್ರಸಾದರು ಅಂಗಡಿಯಿಂದಲೇ ಧೀರಜ್‌ಗೆ ಫೋನ್ ಮಾಡಿದರು.

“ಅಂಕಲ್, ರಿಟರ್ನ್ ಪಾಲಿಸಿ ಕೇಳಿದ್ರಾ?”

“ಕೇಳ್ದೆ ಕಣಪ್ಪ. ಅಂಗಡಿ ದಾಟಿದ್ಮೇಲೆ ವಾಪಸ್ ತಗೊಳಲ್ವಂತೆ.”

“ಓಪನ್ ಮಾಡ್ದೇ ಇದ್ರೂ?”

“ಮಾಡ್ದೇ ಇದ್ರೂ. ಬರೀ ಹೆದರ್ಸಿದ್ರೆ ಅದು ಯೂಸ್ ಅನ್ಸಿಕೊಳ್ಳುತ್ತಾ ಅಂತ್ಲೂ ಕೇಳ್ದೆ. ಅವ್ನು ಮ್ಯಾನೇಜರ್‌ನ ಕರೆಯೋಕೆ ಹೋದ.”

“ಹಾಗಾದ್ರೆ ಕವರ್ ಮಾತ್ರ ಕೀಳ್ಬೇಡಿ ಅಂಕಲ್. ರೀಸೇಲ್ ವ್ಯಾಲ್ಯೂ ಹೋಗತ್ತೆ.”

ಗುಂಡುಗಳಿಗೆ ಪ್ರತ್ಯೇಕ ಬೆಲೆಯೆಂದು ತಿಳಿದುಬಂದುದರಿಂದ ಅವನ್ನು ಕೈಬಿಡಲಾಯಿತು. ಅದೇ ವಾರ ನಿಯಮಾವಳಿ ಪ್ರಕಟವಾಯಿತು:

“೪(ಅ): ಆಯುಧವನ್ನು ಪೆಟ್ಟಿಗೆಯಿಂದ ಹೊರತೆಗೆಯತಕ್ಕದ್ದಲ್ಲ. ೪(ಆ): ಪೆಟ್ಟಿಗೆಯು ಅಧ್ಯಕ್ಷರ ಸೊಂಟದಲ್ಲಿ ಅಡಗಿರತಕ್ಕದ್ದು.”

ಪೆಟ್ಟಿಗೆ ಅಡಗಲಿಲ್ಲ. ಅಧ್ಯಕ್ಷರ ಸೊಂಟದಲ್ಲಿ ಅಧ್ಯಕ್ಷರೇ ಸಾಕಷ್ಟಿದ್ದರು. ಆದಕಾರಣ ೪(ಆ)ಗೆ ತಿದ್ದುಪಡಿ ತಂದು, ಪೆಟ್ಟಿಗೆಗೆ ಹೂವಿನ ಚಿತ್ರದ ಕಾಗದ ಸುತ್ತಿ, ಜಗತ್ತಿನಲ್ಲಿ ಯಾರೂ ಸಂಶಯಿಸದ ತಾಂಬೂಲದ ಚೀಲದೊಳಗೆ ಇಡಲಾಯಿತು.

ಸಂಕ್ರಾಂತಿಯ ದಿನ ಹರಿಪ್ರಸಾದರು ಸ್ವಾಗತ ಭಾಷಣಕ್ಕೆ ಹೋಗುವ ಮೊದಲು ಚೀಲವನ್ನು ಅರಿಶಿನ–ಕುಂಕುಮದ ಮೇಜಿನ ಮೇಲೆ ಇಟ್ಟರು. ಭಾಷಣ ಮುಗಿಸಿ ಬಂದಾಗ ಮೇಜು ಖಾಲಿಯಾಗಿತ್ತು.

“ನೀರಜಾ, ಇಲ್ಲಿ ನನ್ನ ಚೀಲ ಇತ್ತಲ್ಲಮ್ಮ?”

“ಇಲ್ಲಿದ್ದಿದ್ದನ್ನೆಲ್ಲ ಹಂಚಿ ಆಯ್ತಲ್ಲ ಅಂಕಲ್,” ಎಂದರು ಸಾಂಸ್ಕೃತಿಕ ಕಾರ್ಯದರ್ಶಿ ನೀರಜಾ. “ಒಂದು ಸ್ವಲ್ಪ ಭಾರ ಇತ್ತು. ತೆಂಗಿನಕಾಯಿ ದಪ್ಪ ಇರ್ಬೇಕು ಅಂದ್ಕೊಂಡೆ.”

“ಯಾರಿಗೆ ಕೊಟ್ಟೆ?”

“ಕುಂಕುಮ ಇಡೋವಾಗ ಮುಖ ಯಾರು ನೋಡ್ತಾರೆ ಅಂಕಲ್? ಹಣೆ ನೋಡ್ತೀವಿ.”

ವಿಚಾರಣೆ ನಡೆಯಿತು. ತಾಂಬೂಲದಲ್ಲಿ ಬಂದ ಉಡುಗೊರೆಯನ್ನು ಬಿಚ್ಚದೆ, ಮುಂದಿನ ಮನೆಯ ಸಮಾರಂಭಕ್ಕೆ ಹಾಗೆಯೇ ದಾಟಿಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿಯಾದ್ದರಿಂದ, ಚೀಲದ ಒಳಗನ್ನು ಕಂಡವರು ಒಬ್ಬರೂ ಸಿಗಲಿಲ್ಲ. ಭಾರದ ಚೀಲವೊಂದು ಪಕ್ಕದ ಮೇರಿಲ್ಯಾಂಡ್ ರಾಜ್ಯದ ಗೈದರ್ಸ್‌ಬರ್ಗ್‌ನ ಸೀಮಂತಕ್ಕೂ ಅಲ್ಲಿಂದ ಎಲಿಕಾಟ್ ಸಿಟಿಯ ಗೃಹಪ್ರವೇಶಕ್ಕೂ ಹೋಗಿದ್ದು ಮಾತ್ರ ದೃಢಪಟ್ಟಿತು. ವರ್ಜೀನಿಯಾದ ಪಿಸ್ತೂಲು ಪರವಾನಗಿಗೆ ಮೇರಿಲ್ಯಾಂಡ್‌ನಲ್ಲಿ ಮಾನ್ಯತೆಯಿಲ್ಲ. ತಾಂಬೂಲಕ್ಕೆ ಎಲ್ಲೆಡೆಯೂ ಇದೆ.

ಫೆಬ್ರವರಿಯ ಸರ್ವಸದಸ್ಯರ ಸಭೆಯಲ್ಲಿ ಹರಿಪ್ರಸಾದರು ವರದಿ ಮಂಡಿಸಿದರು: “ಪಿಸ್ತೂಲು ಎಲ್ಲಿದೆಯೆಂದು ನಮಗೇ ಗೊತ್ತಿಲ್ಲ. ಹಾಗಿರುವಾಗ ಕಳ್ಳನಿಗೆ ಹೇಗೆ ಗೊತ್ತಾದೀತು? ಇಂದು ಪ್ರತಿಯೊಬ್ಬ ಸದಸ್ಯರ ಮನೆಯಲ್ಲೂ ಪಿಸ್ತೂಲು ಇರುವ ಸಂಭವವಿದೆ. ಇಷ್ಟು ಅಗ್ಗವಾಗಿ ಇಷ್ಟು ಕುಟುಂಬಗಳಿಗೆ ರಕ್ಷಣೆ ಒದಗಿಸಿದ ಸಂಘ ಇನ್ನೊಂದಿಲ್ಲ. ಆದುದರಿಂದ ಇನ್ನು ಮುಂದೆ ಯಾರೂ ತಮ್ಮ ತಾಂಬೂಲದ ಚೀಲವನ್ನು ಬಿಚ್ಚಿ ನೋಡತಕ್ಕದ್ದಲ್ಲ.”

ದೀರ್ಘ ಕರತಾಡನವಾಯಿತು. ಕೆಲವರು ಸಭೆಗೆ ಬರುವಾಗ ಸಿಕ್ಕ, ಕಾಲಬಳಿಯಿದ್ದ ತಾಂಬೂಲದ ಚೀಲಗಳನ್ನು ಮೆಲ್ಲನೆ ದೂರ ಸರಿಸಿ, ಮತ್ತೆ ಚಪ್ಪಾಳೆ ತಟ್ಟಿದರು.

ಹಿಂದಿನ ಸಾಲಿನಿಂದ ಅನಸೂಯ ಅವರು ಕೇಳಿದರು: “ಹರಿ, ನನ್ನ ದೀಪ ಏನಾಯ್ತಪ್ಪ? ಐದೇ ಮಕ್ಕಳು ಉಳಿದಿದ್ದಾರೆ.”

“ಮೇಡಂ, ಮರೆಮಾಡೋ ಆಯುಧಕ್ಕೆ ಕತ್ತಲೆನೇ ಅನುಕೂಲ. ದೀಪ ಹಾಕಿದ್ರೆ ಉಪಸಮಿತಿ ಮಾಡಿದ್ದೆಲ್ಲ ವ್ಯರ್ಥ ಆಗತ್ತೆ.”

ಧೀರಜ್ ಅನುಮೋದಿಸಿದರು. ನೀರಜಾ ನಡಾವಳಿಯಲ್ಲಿ ಬರೆದುಕೊಂಡರು. ದೀಪದ ಅರ್ಜಿ ಸರ್ವಾನುಮತದಿಂದ ತಿರಸ್ಕೃತವಾಯಿತು.

ಅನಸೂಯ ಅವರು ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದರು:

“ಈ ಶುಕ್ರವಾರದಿಂದ ಕನ್ನಡ ಕ್ಲಾಸ್ ನಮ್ಮನೇಲಿ. ಹೊರಗಡೆ ಲೈಟ್ ಉರಿಯುತ್ತೆ. ಮಕ್ಕಳನ್ನ ಕಳಿಸಿ. ತಾಂಬೂಲ ಮಾತ್ರ ಕೊಡೋದೂ ಇಲ್ಲ, ತಗೊಳ್ಳೋದೂ ಇಲ್ಲ.”